ಇಲಿ ಕಡಿದ ಸೀರೆ

"ಅಜ್ಜನವರೇ, ಒಂದು ಪದ ಕಟ್ಟಿ ಹಾಡಬೇಕೆಂದು ಬಹಳ ದಿನದ ಆಸೆ. ಕೆಟ್ಟೀತೆಂಬ ಭಯಕ್ಕೆ ಬಾಯಿ ಬರುವುದಿಲ್ಲ. ಸ್ಫೂರ್ತಿ ಬರುವವರೆಗೆ ಕಾಯಲೇ?" ಎಂದು ಶಿಷ್ಯ ಚನ್ನವೀರ ಮಠದ ಗುರುಗಳನ್ನು ಕೇಳಿದ.

ಕಾಯುವುದಕ್ಕೇನು, ಬೇಕಾದಷ್ಟು ಕಾಯಬಹುದು, ಮೊದಲು ಒಂದು ಕತೆ ಕೇಳು ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳಿದ್ದಳು. ಹಳೆಯ ಬಟ್ಟೆ ತಂದವರಿಗೆಲ್ಲ ಅವರು ಹೇಳಿದಂತೆ ಹೊಲಿದುಕೊಡುತ್ತಿದ್ದಳು. ತನ್ನ ಮನಸ್ಸಿಗೆ ಬಂದಂತೆ ಒಂದೇ ಒಂದು ಕೌದಿ ಹೊಲಿದು, ಅದರಲ್ಲಿ ಮಗಳ ಕೂಸನ್ನು ಮಲಗಿಸಬೇಕು ಎಂಬುದು ಅವಳ ಆಸೆ. ಅದಕ್ಕೆಂದು ತೀರಿಹೋದ ತಾಯಿಯ ಇಳಕಲ್ ಸೀರೆಯನ್ನು ಎತ್ತಿಟ್ಟಿದ್ದಳು. ಆದರೆ ಕತ್ತರಿ ಹಿಡಿದವಳು ಪ್ರತಿ ಸಲವೂ ಮತ್ತೆ ಕೆಳಗಿಡುತ್ತಿದ್ದಳು. ಕತ್ತರಿಸಿ ಕೆಡಿಸಿದರೆ ತಾಯಿಯ ಸೀರೆ ಮತ್ತೆ ಸಿಕ್ಕೀತೇ? ಒಳ್ಳೆಯ ಚಿತ್ತಾರ ಹೊಳೆಯಲಿ, ಆಮೇಲೆ ನೋಡೋಣ ಎಂದು ಸುಮ್ಮನಿದ್ದಳು.

ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂದು ಕೊನೆಯ ಮೂಲೆಯಲ್ಲಿ ಹೋಳಿಗೆಯ ತುಣುಕಿಟ್ಟು ಹೊಲಿಯುವುದು ಆ ಕಡೆಯ ಪದ್ಧತಿ. ಬಸುರಿಯಾಗಿದ್ದ ಮಗಳಿಗೆ ಕುಬುಸದ ಶಾಸ್ತ್ರ ಮಾಡಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಈ ಪುಣ್ಯಾತ್ಗಿತ್ತಿ ಒಂದು ತುಣುಕನ್ನು ತೆಗೆದು ಸೀರೆಯ ಮಡಿಕೆಯಲ್ಲಿಟ್ಟು ಗಂಟು ಕಟ್ಟಿದಳು. ಒಂದು ಹೊಲಿಗೆಯೂ ಬಿದ್ದಿಲ್ಲ, ಆಗಲೇ ಕೌದಿಗೆ ಊಟ! ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಜನ ನಗುತ್ತಾರೆ. ಇವಳ ಮನೆಯಲ್ಲಿ ಕೂಸು ಹುಟ್ಟಿತು, ಕೌದಿ ಮಾತ್ರ ಹುಟ್ಟಲಿಲ್ಲ. ಕೂಸನ್ನು ನೆರೆಮನೆಯಿಂದ ತಂದ ಕೌದಿಯಲ್ಲಿ ಮಲಗಿಸಿದರು.

ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಅವಳು ಗಂಟು ಬಿಚ್ಚಿದಳು. ಹೋಳಿಗೆಯ ವಾಸನೆಗೆ ಇಲಿ ಒಳಗೆ ಹೊಕ್ಕು ಸೀರೆಯನ್ನು ಅಲ್ಲಲ್ಲಿ ಕಡಿದು ಮರಿ ಹಾಕಿತ್ತು. ಅವಳ ತಾಯಿಯ ಸೀರೆಯಲ್ಲಿ ಇಲಿಯ ಮರಿಗಳು ಬೆಚ್ಚಗೆ ಮಲಗಿದ್ದವು. ಅವಳು ಅಲ್ಲೇ ಕುಳಿತು ಅತ್ತಳು.

ಅತ್ತು ಮುಗಿದ ಮೇಲೆ ಮರಿಗಳನ್ನು ಎತ್ತಿ ಹೊರಗಿಟ್ಟಳು. ಸೀರೆಯನ್ನು ಒಗೆದು ಒಣಗಿಸಿ ಕತ್ತರಿ ಹಿಡಿದಳು. ಇನ್ನು ಕೆಡುವುದೇನೂ ಉಳಿದಿರಲಿಲ್ಲ, ಈ ಸಲ ಕತ್ತರಿ ಕೆಳಗಿಡಲಿಲ್ಲ. ತೂತಿದ್ದಲ್ಲೆಲ್ಲ ಸೆರಗಿನ ಕೆಂಪು ತುಂಡುಗಳನ್ನಿಟ್ಟು ಹೊಲಿದಳು. ಅಂಥ ಕೌದಿಯನ್ನು ಆ ಊರು ಕಂಡಿರಲಿಲ್ಲ. ಕೂಸು ಅದರಲ್ಲಿ ಮಲಗಿ ನಿದ್ದೆಹೋಯಿತು.

"ಅವ್ವಾ, ಇಂಥ ಚಿತ್ತಾರ ನಿನಗೆ ಎಲ್ಲಿ ಹೊಳೆಯಿತು?" ಎಂದು ಮಗಳು ಕೇಳಿದಳು.

"ಇಲಿ ಕಡಿದಲ್ಲಿ ಹೊಳೆಯಿತು ಮಗಳೇ. ಮೊದಲೇ ಕತ್ತರಿಸಿದ್ದರೆ ಸೀರೆಯೂ ಪೂರ್ತಿ ಸಿಗುತ್ತಿತ್ತು" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖವನ್ನೇ ನೋಡುತ್ತ ಅವರು ಕೇಳಿದರು:

"ನೀನೂ ಇಲಿಯ ದಾರಿ ಕಾಯುತ್ತೀಯೇನಪ್ಪ?"