ಕೈಹಿಡಿದು ಎಳೆದರೇ ಬರುವ ಅವಳಿಗಳು

ಕಲ್ಲುಗಳು ಇನ್ನೂ ಬೆಚ್ಚಗಿದ್ದ ಕಾಲವದು. ಯಾವ ಕಡೆ ಹರಿಯಲಿ ಎಂದು ಹೊಳೆಗಳು ಗಾಳಿಯನ್ನು ಕೇಳುತ್ತಿದ್ದವು. “ನನ್ನನ್ನೇನು ಕೇಳ್ತಿ, ನಾನೂ ಹೊಸಬ” ಅನ್ನುತ್ತಿತ್ತು ಗಾಳಿ. ಆ ಕಾಲದಲ್ಲಿ ದ್ಯಾಮಿ ಎಂಬ ಹುಡುಗಿ ಓಡಿದಳು. ಲೋಕದಲ್ಲಿ ಮೊದಲು ಓಡಿದವಳು ಅವಳೇ, ಮೊದಲು ಬಿದ್ದವಳೂ ಅವಳೇ. ಮಂಡಿ ತರಚಿತು.

ನಿನ್ನ ಮಂಡಿಯೂ ತರಚಿದೆ, ಗೊತ್ತು ಮಗಾ. ಆ ಹಕ್ಕಳೆ ಕೆರೆಯುವುದನ್ನು ಬಿಟ್ಟು ಕೇಳು.

ದ್ಯಾಮಿಯ ಒಳಗೆ ಒಂದು ಕೆಂಪು ಹೊಳೆ ಇತ್ತು. ಎದೆಯ ನಗಾರಿ ಢಮ್ ಢಮ್ ಎಂದ ಹಾಗೆಲ್ಲ ಹೊಳೆ ಮುಂದಕ್ಕೆ ಹೋಗುತ್ತಿತ್ತು. ಹೊಳೆಯಲ್ಲಿ ಕೆಂಪು ಜನ ಉಸಿರು ಹೊತ್ತು ತಿರುಗುತ್ತಿದ್ದರು, ಬಿಳಿ ಜನ ಕಾವಲು ಕಾಯುತ್ತಿದ್ದರು. ದಡದ ಮೇಲೆ ತೊಗಲಿನ ಜನ ಮೈಗೆ ಮೈ ತಾಗಿಸಿ ಕೂತಿದ್ದರು. ಪಾರವ್ವ ಅವರಲ್ಲೊಬ್ಬಳು. ಅವಳ ಪಕ್ಕಕ್ಕೇ ಅವಳ ಮಗಳು ಕೆಂಚವ್ವ.

ಮಂಡಿ ತರಚಿದ ಗಳಿಗೆಗೆ ದಡ ಸೀಳಿತು. ಪಾರವ್ವ ಈಚೆ ಉಳಿದಳು, ಮಗಳು ಆಚೆ. ನಡುವಿನ ಸೀಳಿನಿಂದ ಹೊಳೆ ಹೊರಗೆ ಸುರಿಯತೊಡಗಿತು.

“ಯವ್ವಾ!” ಎಂದು ಆಚೆಯಿಂದ ಕೂಗು ಬಂತು.

“ಬಂದೆ ನನ್ನವ್ವಾ, ಅಲ್ಲೇ ಇರು!” ಎಂದಳು ಪಾರವ್ವ. ಅಂದಳೇನೋ ಸರಿ, ಹೋಗುವುದು ಹೇಗೆ?

ಅಷ್ಟರಲ್ಲಿ ಹೊಳೆಯೊಳಗಿಂದ ನೂಲಿನ ಜನ ಓಡಿಬಂದು ಸೀಳಿಗೆ ಅಡ್ಡಲಾಗಿ ಬಲೆ ಹಾಸಿದರು. ಆದರೆ ಬಲೆಯನ್ನು ದಡಕ್ಕೆ ಬಿಗಿಯುವವರಿಲ್ಲ. ಅಂಚಿನಿಂದ ಹೊಳೆ ಜಿನುಗುತ್ತಲೇ ಇತ್ತು. ಪಾರವ್ವ ಬಲೆಯ ಮೇಲೆ ಕಾಲಿಟ್ಟಳು, ಜಾರಿದಳು. ಮತ್ತೆ ಇಟ್ಟಳು, ಮತ್ತೆ ಜಾರಿದಳು. ಹಿಡಿದುಕೊಳ್ಳಲು ಯಾರ ಕೈಯೂ ಸಿಗಲಿಲ್ಲ.

ಆಗ ತಂಗೆವ್ವ, ನಿಂಗೆವ್ವ ತೇಲಿಕೊಂಡು ಬಂದರು. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಈಲಿ, ಅಂದರೆ ಯಕೃತ್ತು, ಎಂಬ ದೊಡ್ಡಮನೆ ಇದೆಯಲ್ಲ, ಅಲ್ಲಿ ಹುಟ್ಟಿದ ಅವಳಿಗಳು. ಹುಟ್ಟುವಾಗಲೇ ಇಬ್ಬರ ಪಾದಗಳಿಗೂ ಸೇರಿಸಿ ಎರಡು ಗಂಟು ಹಾಕಿತ್ತು. ಮಣಿಸರದಂಥ ಉದ್ದನೆಯ ಮೈಯನ್ನು ಮಡಚಿ, ಕೈಗಳನ್ನು ಒಳಗೆ ಬಚ್ಚಿಟ್ಟು, ಮುದುಡಿಕೊಂಡು ತೇಲುತ್ತಿದ್ದರು. ಅಂಥ ಜೋಡಿಗಳು ಹೊಳೆಯ ತುಂಬ ಇದ್ದವು. “ತಿಂದುಂಡು ತೇಲೋದೇ ಇವರ ಕೆಲಸ” ಎಂದು ಕೆಂಪು ಜನ ಆಡಿಕೊಳ್ಳುತ್ತಿದ್ದರು.

“ಬರ್ರೆವ್ವಾ, ಒಂದು ಕೈ ಕೊಡ್ರಿ” ಎಂದಳು ಪಾರವ್ವ.

“ಇರಲಿ ಬಿಡ್ರಿ, ನಮ್ಮಿಂದ ಏನಾಗ್ತದ” ಎಂದರು ಅವಳಿಗಳು.

“ಅವರು ಹಂಗೇ, ಕರೆದರೂ ಬರಂಗಿಲ್ಲ” ಎಂದರು ನೂಲಿನವರು. ಹೌದು, ಎಲ್ಲರೂ ದೂರದಿಂದ ಒಂದು ಸಲ ಕರೆದು ಸುಮ್ಮನಾದವರೇ.

ನಗಾರಿ ಢಮ್ ಎಂದಿತು. ಬಹಳ ಹೊತ್ತಾದ ಮೇಲೆ ಇನ್ನೊಂದು ಸಲ, ಮೆಲ್ಲಗೆ, ಢಮ್ ಎಂದಿತು. ಹೊಳೆ ಬತ್ತಿದರೆ ನಗಾರಿಯೂ ನಿಲ್ಲುತ್ತದಲ್ಲ!

ನಮ್ಮ ಮನೆಗೆ ಬರುವ ನಿನ್ನ ಸೋದರತ್ತೆಯನ್ನು ನೋಡಿದ್ದೀಯಲ್ಲ? ಹೊಟ್ಟೆ ಚುರುಗುಟ್ಟುತ್ತಿದ್ದರೂ “ಈಗಷ್ಟೇ ಉಂಡು ಬಂದೆ” ಅನ್ನುತ್ತಾಳೆ. ರಟ್ಟೆ ಹಿಡಿದು ಎಳೆದು ಎಲೆಯ ಮುಂದೆ ಕೂರಿಸಿದರೆ ಮೂರು ಹೋಳಿಗೆ ಮುಗಿಸುತ್ತಾಳೆ. ಪಾರವ್ವನೂ ಅಂಥ ನೆಂಟರನ್ನು ಕಂಡವಳೇ. ಇವರೂ ಆ ಪೈಕಿ ಎಂದು ಅವಳಿಗೆ ಹೊಳೆಯಿತು.

ಬಗ್ಗಿದಳು, ನಿಂಗೆವ್ವನ ತೋಳಿಗೆ ಕೈ ಹಾಕಿದಳು, ಎಳೆದಳು. ಒಂದು ಮಡಿಕೆ ಬಿಚ್ಚಿತು, ಒಂದು ಕೈ ಹೊರಬಂದು ಬಲೆಯನ್ನು ಹಿಡಿಯಿತು. ಮತ್ತೆ ಎಳೆದಳು. ಇನ್ನೊಂದು ಕೈ ದಡದ ನಾರನ್ನು ಹಿಡಿಯಿತು.

“ಅಯ್ಯ, ಇಷ್ಟೊಂದು ಕೈ ಎಲ್ಲಿ ಮುಚ್ಚಿಟ್ಟಿದ್ರೆವ್ವಾ!”

“ಯಾರೂ ಎಳೀಲಿಲ್ಲ, ನಾವು ತೆಗೀಲಿಲ್ಲ” ಎಂದಳು ನಿಂಗೆವ್ವ. ಆಮೇಲೆ ದನಿ ತಗ್ಗಿಸಿದಳು. “ಆದರ ಒಂದು ಮಾತು. ಪೂರಾ ಬಿಚ್ಚಿಕೊಂಡರ ಮತ್ತ ಮುದುಡಾಕ ಬರಂಗಿಲ್ಲ. ಹೊಳಿಗೆ ತಿರುಗಿ ಹೋಗಂಗಿಲ್ಲ.”

ಪಾರವ್ವನ ಕೈ ಸಡಿಲಾಯಿತು. ಪಾಪ, ಅವಳಿಗೆ ಅಳು ಬಂತು. ಆಚೆಯಿಂದ “ಯವ್ವಾ” ಎಂಬ ಕೂಗು ಸಣ್ಣದಾಗಿ ಕೇಳಿಸಿತು.

“ಕೂಸು ಅಳಾಕತ್ತೇತಿ. ಎಳಿ” ಎಂದಳು ತಂಗೆವ್ವ.

ಪಾರವ್ವ ಕಣ್ಣು ಮುಚ್ಚಿ ಎಳೆದಳು. ಮಣಿಮಣಿಯಾಗಿ ಮೈ ಬಿಚ್ಚಿತು, ಎಲ್ಲ ಕೈಗಳೂ ಹೊರಬಂದವು. ಆ ಕೈಗಳು ಪಕ್ಕದ ಜೋಡಿಯನ್ನು ಎಳೆದವು, ಆ ಜೋಡಿ ಮುಂದಿನದನ್ನು ಎಳೆಯಿತು. ಬಲೆ ದಡಕ್ಕೆ ಬಿಗಿಯಿತು, ಜಿನುಗುವುದು ನಿಂತಿತು. ನಗಾರಿ ಮೊದಲಿನಂತೆ ಢಮ್ ಢಮ್ ಎಂದಿತು. ಮೇಲೆ ಗಟ್ಟಿ ಹಕ್ಕಳೆಯ ಚಾವಣಿ ಕಟ್ಟಿತು. ಅದರ ಅಡಿಯ ಮಬ್ಬಿನಲ್ಲಿ ಪಾರವ್ವ ಒಂದೊಂದೇ ಕೈ ಹಿಡಿದು ನಡೆದಳು. ಆಚೆಯಿಂದ ಕೆಂಚವ್ವನೂ ಹೊರಟಳು.

ಅರ್ಧ ದಾರಿ ಆಗಿತ್ತೋ ಇಲ್ಲವೋ, ದ್ಯಾಮಿಗೆ ನವೆಯಾಯಿತು. ಉಗುರು ಹಾಕಿ ಹಕ್ಕಳೆ ಕಿತ್ತಳು!

ಚಾವಣಿ ಹೋಯಿತು, ದಾರಿ ಹೋಯಿತು, ದಾರಿಯಾಗಿದ್ದ ತಂಗೆವ್ವ ನಿಂಗೆವ್ವರೂ ಹೋದರು. ಪಾರವ್ವ ದಡಕ್ಕೆ ಬಂದು ಬಿದ್ದಳು. ಅತ್ತಳು, ಅವರಿಬ್ಬರ ಹೆಸರು ಹಿಡಿದು ಅತ್ತಳು. ಕೂತು ಅತ್ತರೆ ಮಗಳು ಸಿಗುತ್ತಾಳೆಯೇ? ಎದ್ದು, ತೇಲಿ ಬರುತ್ತಿದ್ದ ಬೇರೊಂದು ಜೋಡಿಯ ಕೈಹಿಡಿದಳು. “ಇರಲಿ ಬಿಡ್ರಿ” ಎಂದರು ಅವರೂ. ಪಾರವ್ವ ಎಳೆದಳು.

ಮತ್ತೆ ಹಕ್ಕಳೆ ಕಟ್ಟಿತು, ಮತ್ತೆ ನವೆಯಾಯಿತು. ಈ ಸಲ ದ್ಯಾಮಿ ಕೈಕಟ್ಟಿ ಕೂತಳು. ಒಂದು ದಿನ ತಾಯಿಯ ಮೈಗೆ ಮಗಳ ಮೈ ತಾಗಿತು. ಹಕ್ಕಳೆ ತಾನಾಗಿಯೇ ಉದುರಿತು.

ಅಂದಿನಿಂದ ಯಾರ ಮೈ ತರಚಿದರೂ ಹಾಗೇ. ನಿನ್ನ ಮಂಡಿಯ ಹಕ್ಕಳೆಯೂ ಅದಕ್ಕೇ ಅಷ್ಟು ಬಿಗಿಯಾಗಿದೆ, ಅದಕ್ಕೇ ಒಳಗೊಳಗೆ ನವೆಯಾಗುತ್ತಿದೆ. ಕೈ ತೆಗೆ ನನ್ನ ಕಂದಾ, ತಾಯಿ ಇನ್ನೂ ಅರ್ಧ ದಾರಿಯಲ್ಲಿದ್ದಾಳೆ.