ಕಪ್ಪು ಪಟ್ಟಿಗೆ ಹತ್ತು ಮಳೆಗಾಲ

ಒಂದು ಕಾಡಿನಲ್ಲಿ ಒಂದು ಗರಡಿ ಮನೆಯಿತ್ತು. ಮನೆಯೆಂದರೆ ಗೋಡೆಯೇನೂ ಇಲ್ಲ. ದೊಡ್ಡ ಗೋಣಿಮರದ ಕೆಳಗೆ ಹದ ಮಾಡಿದ ಕೆಮ್ಮಣ್ಣಿನ ಅಖಾಡ, ಅಷ್ಟೆ. ಅಲ್ಲಿ ಕುಸ್ತಿ ಕಲಿಸುತ್ತಿದ್ದವನು ಬಂಡೆಪ್ಪನೆಂಬ ಮುದಿ ಉಡ. ಉಡದ ಪಟ್ಟು ಎಂದರೆ ಗೊತ್ತಲ್ಲ? ಒಮ್ಮೆ ಹಿಡಿದರೆ ಬಂಡೆಯೇ ಕಿತ್ತು ಬರಬೇಕು. ಕಾಡಿನವರೆಲ್ಲ ಅವನನ್ನು ಉಸ್ತಾದರೆಂದೇ ಕರೆಯುತ್ತಿದ್ದರು.

ಆ ಗರಡಿಗೊಂದು ಕಟ್ಟಳೆಯಿತ್ತು. ಹತ್ತು ಮಳೆಗಾಲ ಮಣ್ಣಿನಲ್ಲಿ ಪಳಗಿದವನ ಸೊಂಟಕ್ಕೆ ಮಾತ್ರ ಉಸ್ತಾದರು ಕಪ್ಪು ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಕಟ್ಟಿಕೊಂಡವನು ಬೇಸಿಗೆಯಲ್ಲಿ ಕೆರೆಯ ದಡಕ್ಕೆ ಕಾವಲು ನಿಲ್ಲಬೇಕು. ಮರಿಗಳು ಅವನನ್ನು ನಂಬಿ ನೀರಿಗಿಳಿಯುತ್ತಿದ್ದವು. ಆದರೆ ಈಗ ಪಟ್ಟಿ ಕಟ್ಟಿಕೊಂಡವರು ಯಾರೂ ಉಳಿದಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನೀರು ಕುಡಿಯಲು ಹೋದ ಎರಡು ಜಿಂಕೆಮರಿಗಳು ತಿರುಗಿ ಬರಲಿಲ್ಲ. ಯಾರ ಕೆಲಸವೆಂದು ಯಾರಿಗೂ ತಿಳಿಯಲಿಲ್ಲ. ಅಂದಿನಿಂದ ಆ ಕಾಡಿನಲ್ಲಿ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂರುವುದನ್ನೇ ಬಿಟ್ಟರು. ಮೊಲ ಮುಳ್ಳುಹಂದಿಯನ್ನು ಅನುಮಾನಿಸಿತು. ಮುಳ್ಳುಹಂದಿ ಹುಲ್ಲು ಅಲ್ಲಾಡಿದರೂ ಮುಳ್ಳು ನಿಮಿರಿಸುತ್ತಿತ್ತು.

ಬೋರನೆಂಬ ಎಳೆಯ ಕರಡಿಗೆ ಪುಟ್ಟಿ ಎಂಬ ತಂಗಿಯಿದ್ದಳು. ತಾಯಿಯಿಲ್ಲದ ಮರಿ. ಬರುವ ಬೇಸಿಗೆಗೆ ಅವಳೂ ಕೆರೆಗೆ ಇಳಿಯಬೇಕು. ಅದನ್ನು ನೆನೆದರೆ ಬೋರನಿಗೆ ಅನ್ನ ನೀರು ಸೇರುತ್ತಿರಲಿಲ್ಲ. ಅವನು ಗರಡಿಗೆ ಸೇರಿಕೊಂಡ.

"ಉಸ್ತಾದರೇ, ನಂಗೆ ಬೇಗ ಪಟ್ಟಿ ಕಟ್ಟಿ" ಎಂದ.

"ಮೊದಲು ಬೀಳೋದು ಕಲಿ. ಆಮೇಲೆ ಬಿಡೋದು ಕಲಿ. ಹಿಡಿಯೋದು ಕೊನೆಗೆ" ಎಂದಿತು ಉಡ.

"ಬಿಡೋದನ್ನೂ ಕಲೀಬೇಕಾ?"

"ಕಷ್ಟದ ವಿದ್ಯೆ ಅದೇ ಮಗಾ. ಅದು ಬರೋ ಮಳೆಗಾಲಕ್ಕೆ. ಈಗ ಹೋಗಿ ಮಣ್ಣು ಅಗಿ."

ಬೋರ ಮಣ್ಣು ಅಗೆದ. ಬೇವಿನ ಸೊಪ್ಪು ಬೆರೆಸಿದ. ಬಿದ್ದ, ಎದ್ದ, ಮತ್ತೆ ಬಿದ್ದ. ಮಳೆ ಮುಗಿಯಿತು, ಚಳಿಯೂ ಮುಗಿಯಿತು. ಒಂದೇ ಒಂದು ಪಟ್ಟನ್ನೂ ಉಸ್ತಾದರು ಹೇಳಿಕೊಡಲಿಲ್ಲ.

ಆ ಕಾಡಿನಲ್ಲಿ ಚೆನ್ನಿಗನೆಂಬ ನರಿಯಿತ್ತು. ಅದೂ ಒಂದು ಕಾಲಕ್ಕೆ ಅದೇ ಗರಡಿಯ ಶಿಷ್ಯ, ಅರ್ಧಕ್ಕೇ ಕೈಕೊಟ್ಟು ಹೋದವನು. ಒಂದು ದಿನ ಅದು ಬೋರನ ಪಕ್ಕ ಬಂದು ಕೂತಿತು.

"ಎಷ್ಟು ದಿನ ಅಂತ ಆ ಮುದುಕನ ಮಣ್ಣು ಹೊರ್ತೀಯೋ ಬೋರ? ಹತ್ತು ಮಳೆಗಾಲ ಯಾಕೆ ಬೇಕು, ಕೇಳಿದೀಯಾ? ನೀವು ಶಿಷ್ಯರಾಗಿರೋ ತನಕ ಅವನ ಹೊಟ್ಟೆ ತಣ್ಣಗಿರುತ್ತೆ, ಅದಕ್ಕೆ."

"ಹಂಗನ್ನಬೇಡ ನರಿಯಣ್ಣ."

"ನಾನ್ಯಾಕೆ ಅನ್ನಲಿ? ನೀನೇ ನೋಡು. ಸಂಜೆ ಆದರೆ ಅವನು ಎಲ್ಲಿಗೆ ಹೋಗ್ತಾನೆ ಅಂತ."

ಅನುಮಾನದ ಬೀಜಕ್ಕೆ ನೀರು ಹಾಕಬೇಕಾಗಿಲ್ಲ, ಅದು ತಾನೇ ಚಿಗುರುತ್ತದೆ. ಅಂದು ಸಂಜೆ ಬೋರ ಉಡದ ಹಿಂದೆಯೇ ಹೋದ. ಉಡ ತೆವಳುತ್ತ ಕೆರೆಗೆ ಹೋಯಿತು. ದಡದ ಮರಳಿಗೆ ಮೂತಿ ತಾಗಿಸಿ ಆಚೀಚೆ ಓಡಾಡಿತು. ಅಷ್ಟರಲ್ಲಿ ನರಿ ಬೋರನ ಪಕ್ಕಕ್ಕೆ ಬಂದು ನಿಂತಿತು.

"ಕಂಡೆಯಾ?" ಎಂದಿತು ನರಿ. "ಹೆಜ್ಜೆ ಗುರುತು ಅಳಿಸ್ತಿದ್ದಾನೆ. ಕಾವಲುಗಾರ ಬೇಗ ತಯಾರಾದರೆ ಅವನ ಊಟಕ್ಕೇ ಕಲ್ಲು ತಾನೆ? ನನ್ನ ಹತ್ತಿರ ಬಾ. ಹುಣ್ಣಿಮೆಯಿಂದ ಹುಣ್ಣಿಮೆಗೆ ನಿನ್ನ ಸೊಂಟದಲ್ಲಿ ಕಪ್ಪು ಪಟ್ಟಿ ಇರುತ್ತೆ."

ಬೋರ ಜೇನುಹುಟ್ಟಿನ ಗುರುದಕ್ಷಿಣೆ ಹೊತ್ತು ನರಿಯ ಶಿಷ್ಯನಾದ. ಅಲ್ಲಿ ಮಣ್ಣು ಅಗೆಯುವುದಿಲ್ಲ, ಬೀಳುವುದಿಲ್ಲ. "ಎರಡೂ ಕೈಯಿಂದ ತಬ್ಬಿ ಹಿಡಿ. ಏನೇ ಆದರೂ ಬಿಡಬೇಡ" ಎಂಬುದೊಂದೇ ಪಾಠ. ಬಿಡುವ ಪಾಠವನ್ನು ನರಿ ಕೈಬಿಟ್ಟಿತು. "ಸೋಲೋರಿಗೆ ಬೇಕು ಅದೆಲ್ಲ" ಎಂದು ನಕ್ಕಿತು. ಹುಣ್ಣಿಮೆಯ ದಿನ ಬಳ್ಳಿಯ ನಾರಿಗೆ ಸುಟ್ಟ ಮರದ ಮಸಿ ಬಳಿದು ಬೋರನ ಸೊಂಟಕ್ಕೆ ಬಿಗಿಯಿತು.

"ಇನ್ನೊಂದು ಮಾತು. ಕಪ್ಪು ಪಟ್ಟಿಯವನು ಕೆರೆಗೆ ಬೆನ್ನು ಹಾಕಿ, ದಾರಿಗೆ ಮುಖ ಮಾಡಿ ನಿಲ್ಲಬೇಕು. ಆ ಉಡ ಬರೋದು ದಾರಿಯಿಂದಾನೇ. ಕಣ್ಣು ಅಲ್ಲೇ ಇರಲಿ."

ಬೇಸಿಗೆ ಬಂತು. ಪಟ್ಟಿ ನೋಡಿದ ತಾಯಂದಿರು ಕಟ್ಟಿದ್ದು ಯಾರೆಂದು ಕೇಳದೆ ನೆಮ್ಮದಿಯ ಉಸಿರು ಬಿಟ್ಟು ಮರಿಗಳನ್ನು ಕಳಿಸಿದರು. ಎಲ್ಲರಿಗಿಂತ ಮುಂದೆ ಪುಟ್ಟಿ ನೀರಿಗಿಳಿದಳು. ಬೋರ ಕೆರೆಗೆ ಬೆನ್ನು ಹಾಕಿ ನಿಂತ. ಸಂಜೆಯಾಗುತ್ತಲೇ ಉಡ ದಾರಿಯಲ್ಲಿ ತೆವಳಿ ಬಂತು. ಬೋರ ರೆಪ್ಪೆ ಮಿಟುಕಿಸದೆ ಅದನ್ನೇ ನೋಡಿದ. "ಬಾ, ಇನ್ನೊಂದು ಹೆಜ್ಜೆ ಬಾ" ಎಂದು ಹಲ್ಲು ಕಚ್ಚಿದ.

"ಅಣ್ಣಾ!"

ಕೂಗು ಬಂದದ್ದು ಬೆನ್ನ ಹಿಂದಿನಿಂದ. ಬೋರ ತಿರುಗಿದ. ಮೈಗೆಲ್ಲ ಕೆಸರು ಮೆತ್ತಿಕೊಂಡ ಯಾವುದೋ ಪ್ರಾಣಿ ಜೊಂಡಿನಿಂದ ಹೊರಬಂದು ಪುಟ್ಟಿಯ ಕಾಲು ಕಚ್ಚಿ ಎಳೆಯುತ್ತಿತ್ತು. ಬೋರ ಅದರ ಮೇಲೆ ಹಾರಿ ತಬ್ಬಿ ಹಿಡಿದ. ಗಾಬರಿಯಲ್ಲಿ ನಡುವೆ ಪುಟ್ಟಿಯೂ ಸಿಕ್ಕಿಕೊಂಡಳು. ಕೆಸರಿನ ಪ್ರಾಣಿ ಕಚ್ಚಿದ ಬಾಯಿ ಬಿಟ್ಟಿತು. ಆಮೇಲೆ ಮುಂಗಾಲಿನಿಂದ ನೆಲವನ್ನು ತಟ್ಟತೊಡಗಿತು. ತಟ್ಟಿತು, ತಟ್ಟಿತು, ತಟ್ಟುತ್ತಲೇ ಇತ್ತು. ಬೋರನಿಗೆ ಅದೇನೆಂದು ಗೊತ್ತಾಗಲಿಲ್ಲ. ಒದ್ದಾಡುತ್ತಿದೆ ಎಂದುಕೊಂಡು ಇನ್ನೂ ಬಿಗಿದ.

"ಬಿಡೋ ಬೋರ! ಮಣ್ಣು ತಟ್ಟಿದರೆ ಸೋತೆ ಅಂತ ಅರ್ಥ. ಒಳಗೆ ನಿನ್ನ ತಂಗಿ ಸಾಯ್ತಿದ್ದಾಳೆ, ಬಿಡು!" ಎಂದು ಉಡ ಕೂಗಿತು.

ಬೋರ ತಂಗಿಯ ಮುಖ ನೋಡಿದ. ಅವಳ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಬಿಡಬೇಕೆಂದುಕೊಂಡ, ಆಗಲಿಲ್ಲ. ಹೆದರಿದ ಕೈಗಳು ಸೆಟೆದುಕೊಂಡಿದ್ದವು. "ಆಗ್ತಿಲ್ಲ ಉಸ್ತಾದರೇ, ಬಿಡೋಕೆ ಬರ್ತಿಲ್ಲ!" ಎಂದು ಅತ್ತುಬಿಟ್ಟ.

ಉಡ ಅವನ ತೋಳೇರಿ ಮೊಣಕೈ ಸಂದಿನಲ್ಲಿ ಉಗುರು ಒತ್ತಿತು. ಕೈ ತಾನಾಗಿ ಸಡಿಲವಾಯಿತು. ಪುಟ್ಟಿ ಹೊರಗುರುಳಿ ಕೆಮ್ಮಿದಳು. ಉಸಿರಾಡಿದಳು. ಬೋರ ಅವಳನ್ನು ನೆಕ್ಕಿದ, ಮತ್ತೆ ಮತ್ತೆ ನೆಕ್ಕಿದ.

ಕೆಸರಿನ ಪ್ರಾಣಿ ನೀರಿಗುರುಳಿತು. ಕೆಸರು ತೊಳೆದುಹೋಗಿ ಚೆನ್ನಿಗ ಕಾಣಿಸಿಕೊಂಡ. ಪಕ್ಕೆಲುಬು ಮುರಿದಿತ್ತು.

"ಅಷ್ಟು ತಟ್ಟಿದೆನಲ್ಲೋ! ಬಿಡೋಕೆ ಬರಲ್ವೇನೋ ನಿನಗೆ?" ಎಂದು ನರಳಿತು.

"ನೀನು ಅದನ್ನ ಕಲಿಸಲೇ ಇಲ್ಲವಲ್ಲ ನರಿಯಣ್ಣ" ಎಂದ ಬೋರ.

ಜಿಂಕೆಮರಿಗಳು ಎಲ್ಲಿ ಹೋದವೆಂದು ಈಗ ಯಾರೂ ಕೇಳಬೇಕಾಗಿರಲಿಲ್ಲ. ಕಾಡಿನವರು ನರಿಯನ್ನು ಗಡಿಯಾಚೆ ಅಟ್ಟಿದರು. ಮುರಿದ ಪಕ್ಕೆ ಹೊತ್ತು ಅದಕ್ಕೆ ಮತ್ತೆಂದೂ ಮರಿಯೊಂದರ ಹಿಂದೆ ಓಡಲಾಗಲಿಲ್ಲ.

ಬೋರನ ಪಟ್ಟಿಯ ಮಸಿಯೂ ನೀರಿನಲ್ಲಿ ಕರಗಿ ಬರೀ ನಾರು ಉಳಿದಿತ್ತು. ಅವನು ಅದನ್ನು ಬಿಚ್ಚಿ ಉಡದ ಮುಂದೆ ಇಟ್ಟ.

"ನಾನು ನಿಮ್ಮನ್ನೇ ಅನುಮಾನಿಸಿದೆ. ಸಂಜೆ ಹೊತ್ತು ಇಲ್ಲಿಗೆ ಯಾಕೆ ಬರ್ತಿದ್ರಿ?"

"ಕಾವಲಿಗೆ ಯಾರೂ ಇರಲಿಲ್ಲವಲ್ಲ. ಮೂಗಿಗೆ ಏನಾದರೂ ವಾಸನೆ ಸಿಗುತ್ತಾ ಅಂತ ನೋಡ್ತಿದ್ದೆ. ನೀನು ಅವತ್ತು ಹಿಂದೆ ಬಂದಿದ್ದೂ ಗೊತ್ತಿತ್ತು. ತರಗೆಲೆ ಮೇಲೆ ಕಾಲಿಟ್ಟು ಬರೋ ಪತ್ತೇದಾರನನ್ನ ನಾನು ಬೇರೆಲ್ಲೂ ಕಂಡಿಲ್ಲ."

ಮರುದಿನದಿಂದ ಬೋರ ಪ್ರತಿ ಸಂಜೆ ಉಸ್ತಾದರನ್ನು ಬೆನ್ನ ಮೇಲೆ ಹೊತ್ತು ಕೆರೆಗೆ ತಂದ. ಇಬ್ಬರೂ ನೀರಿನ ಕಡೆ ಮುಖ ಮಾಡಿ ಕಾವಲು ಕೂತರು. ಬೆಳಗ್ಗೆ ಎಂದಿನಂತೆ ಮಣ್ಣು ಅಗೆಯುವುದು.

"ಉಸ್ತಾದರೇ, ಇನ್ನೆಷ್ಟು ಮಳೆಗಾಲ?" ಎಂದು ಬೋರ ಒಮ್ಮೆ ಮೆಲ್ಲಗೆ ಕೇಳಿದ.

"ಹತ್ತು."

"ಒಂದು ಆಗಲೇ ಮುಗಿದಿತ್ತಲ್ಲ?"

"ಅದನ್ನ ನೀನು ನನ್ನ ಮೇಲೆ ಅನುಮಾನ ಪಟ್ಟು ಕಳ್ಕೊಂಡೆ. ಅದು ಲೆಕ್ಕಕ್ಕಿಲ್ಲ" ಎಂದಿತು ಉಡ. ಬೋರ ಗುದ್ದಲಿ ಎತ್ತಿಕೊಂಡ.

ನೀತಿ: ಕಾಯಿಸುವ ಗುರುವನ್ನು ಅನುಮಾನಿಸುವ ಮೊದಲು ಅವಸರಪಡಿಸುವ ಗೆಳೆಯನನ್ನು ಅನುಮಾನಿಸು, ಅಡ್ಡದಾರಿಯಲ್ಲಿ ಬಿಟ್ಟುಹೋದ ಪಾಠವೇ ಆಪತ್ತಿನಲ್ಲಿ ಬೇಕಾಗುತ್ತದೆ.