ಚಿತ್ರದ ಮನೆಯ ಗಾಳಿ

"ಗುರುಗಳೇ, ಮನಸ್ಸನ್ನು ಕಾಯುವ ಕೆಲಸವನ್ನು ಒಂದೇ ಸಲಕ್ಕೆ ಮಾಡಿ ಮುಗಿಸಲು ಬರುವುದಿಲ್ಲವೇ?" ಎಂದು ಶಾಂತಯ್ಯ ಕೇಳಿದ.

ಅವನು ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಬೆಳಿಗ್ಗೆ ತಿಳಿಯಾದ ಮನಸ್ಸು ಸಂಜೆಗೆ ಕದಡುತ್ತಿತ್ತು. ಇಂದು ಬಿಟ್ಟ ಸಿಟ್ಟು ನಾಳೆ ಮತ್ತೆ ಬಾಗಿಲಿಗೆ ಬರುತ್ತಿತ್ತು. ಅವನಿಗೆ ಸಾಕುಸಾಕಾಗಿತ್ತು. ಬೆಟ್ಟದ ಗುಹೆಗೆ ಹೋಗಿ, ಅನ್ನ ನೀರು ಬಿಟ್ಟು ಕುಳಿತು, ಈ ಕೆಲಸದ ಕೊನೆಯನ್ನೇ ಕಂಡುಬಿಡಬೇಕೆಂದು ನಿಶ್ಚಯಿಸಿದ್ದ. ಅದಕ್ಕೆ ಅಪ್ಪಣೆ ಬೇಡಲು ಬಂದಿದ್ದ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕೂರಲು ಹೇಳಿ ಒಂದು ಕತೆ ತೆಗೆದರು.

ಕಡಲ ತಡಿಯ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ವ್ಯಾಪಾರಕ್ಕೆ ಹೋದ ಊರುಗಳಿಂದ ಚಿತ್ರಗಳನ್ನು ತಂದು ಒಂದು ಮನೆಯ ತುಂಬ ತೂಗುಹಾಕಿದ್ದ. ಎಲ್ಲವೂ ಮರದ ಹಲಗೆಯ ಮೇಲೆ ಬರೆದವು. ಹಲಗೆಗೆ ಸೀಮೆಸುಣ್ಣ ಮತ್ತು ಅಂಟಿನ ತೆಳುವಾದ ಲೇಪ, ಲೇಪದ ಮೇಲೆ ಬಣ್ಣ. ಅವು ಹುಟ್ಟಿದ್ದು ಒಣ ಸೀಮೆಯಲ್ಲಿ, ಬಂದು ಸೇರಿದ್ದು ಕಡಲ ಗಾಳಿಗೆ. ಮರ ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಬಣ್ಣಕ್ಕೆ ಎರಡೂ ಬಾರದು, ಅದು ಬಿರಿದು ಉದುರುತ್ತದೆ. ಆದ್ದರಿಂದ ಆ ಮನೆಯ ಗಾಳಿಯನ್ನು ಕಾಯಲೆಂದೇ ವರ್ತಕ ಪಾಯಣ್ಣನೆಂಬವನನ್ನು ನೇಮಿಸಿದ್ದ.

ಪಾಯಣ್ಣ ಕೋಣೆಯ ನಡುವೆ ಒಂದು ತಟ್ಟೆಯಲ್ಲಿ ಉಪ್ಪು ಇಟ್ಟಿದ್ದ. ಉಪ್ಪು ಪಸೆಯಾದರೆ ಕಿಟಕಿ ಮುಚ್ಚಿ, ಪಕ್ಕದ ಕೋಣೆಯಲ್ಲಿ ಸಣ್ಣಗೆ ಕೆಂಡ ಹಾಕಿ, ಮೂಲೆಗಳಲ್ಲಿ ಇದ್ದಿಲ ಬುಟ್ಟಿ ಇಡುತ್ತಿದ್ದ. ಬೇಸಿಗೆಯಲ್ಲಿ ಮೂಡಣದ ಒಣಗಾಳಿ ಬೀಸಿದರೆ ಲಾಮಂಚದ ಪರದೆಗೆ ನೀರು ಚಿಮುಕಿಸುತ್ತಿದ್ದ. ಬೆಳಿಗ್ಗೆ ತೆರೆದ ಕಿಟಕಿಯನ್ನು ಮಧ್ಯಾಹ್ನ ಮುಚ್ಚಬೇಕು, ಮಧ್ಯಾಹ್ನ ಮುಚ್ಚಿದ್ದನ್ನು ಸಂಜೆ ಓರೆ ಮಾಡಬೇಕು. ಗಾಳಿ ಹೇಳಿ ಕೇಳಿ ಬರುವ ಅತಿಥಿಯಲ್ಲ. ಅವನು ಎಲ್ಲಿಗೂ ಹೋಗುವಂತಿರಲಿಲ್ಲ.

ಚಿತ್ರ ನೋಡಲು ಬಂದವರು ಬರೆದವನನ್ನು ಹೊಗಳುತ್ತಿದ್ದರು, ತಂದವನನ್ನು ಹೊಗಳುತ್ತಿದ್ದರು. ಕಿಟಕಿಯ ಬಳಿ ನಿಂತವನನ್ನು ಯಾರೂ ನೋಡುತ್ತಿರಲಿಲ್ಲ. ಕೆಡದೆ ಇರುವ ವಸ್ತುವಿನಲ್ಲಿ ಕಾಯ್ದವನ ಕೆಲಸ ಕಾಣುವುದಾದರೂ ಹೇಗೆ? ಪಾಯಣ್ಣನಿಗೆ ಅದರ ದುಃಖವಿರಲಿಲ್ಲ. ಅವನಿಗಿದ್ದದ್ದು ದಣಿವು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು. ಕಣ್ಣು ಬಿಟ್ಟೊಡನೆ ಗಾಳಿಯನ್ನು ಮೂಸುವ ಮೂಗು ಅವನ ಸ್ವಂತದ್ದಾಗಿ ಉಳಿದಿರಲಿಲ್ಲ.

ಅವನ ಮಗಳನ್ನು ಘಟ್ಟದ ಮೇಲಿನ ಊರಿಗೆ ಕೊಟ್ಟಿದ್ದರು. ಅವಳು ಹೆತ್ತಿದ್ದಳು. ಮಗು ಹೊಸಿಲು ದಾಟಿ ನಡೆಯುತ್ತಿದೆ ಎಂದು ಸುದ್ದಿ ಬಂತು. ಪಾಯಣ್ಣ ಮಾತ್ರ ಇನ್ನೂ ಅದರ ಮುಖ ನೋಡಿರಲಿಲ್ಲ.

"ಆ ಹಲಗೆಗಳಿಗೆ ನೆಗಡಿಯಾಗುತ್ತದೆಂದು ಹೆತ್ತ ಮಗಳನ್ನೇ ಬಿಟ್ಟಿರಲ್ಲ" ಎಂದಳು ಅವನ ಹೆಂಡತಿ ಅಕ್ಕಮ್ಮ. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದಳು. ಅದು ಅವನಿಗೆ ಹೆಚ್ಚು ತಾಗಿತು.

ಆ ವರ್ಷ ಮಳೆಗಾಲಕ್ಕೆ ಮೊದಲು ಅವನು ಒಂದು ಉಪಾಯ ಹೂಡಿದ. ವರ್ತಕ ಹಡಗಿನಲ್ಲಿ ಹೊರಟು ನಿಂತಿದ್ದ. ಪಾಯಣ್ಣ ಅವನ ಬಳಿಗೆ ಹೋಗಿ, "ಸೆಟ್ಟರೇ, ಮನೆಯನ್ನು ಭದ್ರವಾಗಿ ಮುಚ್ಚಿಬಿಡುತ್ತೇನೆ. ಒಳಗಿನ ಗಾಳಿ ಒಳಗೇ ಇರಲಿ, ಹೊರಗಿನದು ಹೊರಗೇ ಇರಲಿ. ಆಮೇಲೆ ಕಾಯುವ ಕೆಲಸವೇ ಇರುವುದಿಲ್ಲ" ಎಂದ. ವರ್ತಕನ ಮನಸ್ಸೆಲ್ಲ ಹಡಗಿನ ಮೇಲಿತ್ತು. "ನಿನಗೆ ತಿಳಿದಂತೆ ಮಾಡು" ಎಂದು ಹೊರಟುಹೋದ.

ಪಾಯಣ್ಣ ಗಾರೆಯವರನ್ನು ಕರೆಸಿದ. ಗೋಡೆಯ ಬಿರುಕುಗಳಿಗೆಲ್ಲ ಹೊಸ ಗಾರೆ ಮೆತ್ತಿಸಿದ. ಗಾರೆ ಆರುವ ಮೊದಲೇ ಮೊದಲ ಮೋಡ ಬಂತು. ಅವನು ಕಾಯಲಿಲ್ಲ. ಕಿಟಕಿಗಳ ಸಂದಿಗೆ ಮೇಣ ತುಂಬಿ, ಬಾಗಿಲು ಹಾಕಿ, ಅದರ ಸಂದಿಗೂ ಮೇಣ ತುಂಬಿ, ಹೆಂಡತಿಯೊಡನೆ ಘಟ್ಟ ಹತ್ತಿದ.

ಆ ಮಳೆಗಾಲ ಅವನು ಸುಖವಾಗಿದ್ದ. ಮೊಮ್ಮಗಳು ಅವನ ಎದೆಯ ಮೇಲೆ ಮಲಗುತ್ತಿದ್ದಳು. ಗಾಳಿ ಬೀಸಿದರೆ ಅದು ಬರೀ ಗಾಳಿಯಾಗಿತ್ತು. ಇಷ್ಟು ಸುಲಭವಿತ್ತಲ್ಲ, ಮೊದಲೇ ಏಕೆ ಹೊಳೆಯಲಿಲ್ಲ ಎಂದುಕೊಂಡ.

ಮಳೆ ಹಿಂದೆಗೆದ ಮೇಲೆ ಗಂಡಹೆಂಡಿರು ಇಳಿದು ಬಂದರು. ಪಾಯಣ್ಣ ಮೇಣ ಕೆರೆದು ಬಾಗಿಲು ನೂಕಿದ. ಹಳೆಯ ಬಾವಿಯ ವಾಸನೆ ಮುಖಕ್ಕೆ ಬಡಿಯಿತು. ಹಸಿ ಗಾರೆಯ ನೀರಿಗೆ ಹೊರಹೋಗಲು ದಾರಿಯಿರಲಿಲ್ಲ. ಅದು ಕೋಣೆಯೊಳಗೇ ಬೆವರಿತ್ತು. ತಟ್ಟೆಯ ಉಪ್ಪು ನೀರಾಗಿತ್ತು. ಚಿತ್ರಗಳ ಮೇಲೆಲ್ಲ ಬಿಳಿಯ ಬೂಷ್ಟು ಹಬ್ಬಿತ್ತು.

ದೋಣಿ ಹತ್ತುತ್ತ ಹಿಂದಿರುಗಿ ನೋಡುವ ಹೆಂಗಸಿನ ಚಿತ್ರವೊಂದಿತ್ತು. ಎಲ್ಲಕ್ಕಿಂತ ಅದು ಅವನಿಗೆ ಪ್ರಿಯ. ಬೆರಳಿನಿಂದ ಒಂದಿಷ್ಟೇ ಬೂಷ್ಟು ಸರಿಸಿ ನೋಡಿದ. ಕೆಳಗೆ ಬಣ್ಣ ಹಾಗೇ ಇತ್ತು. ಅಲ್ಲಿಗೇ ಅವನು ನಿಂತಿದ್ದರೆ ಸಾಕಾಗಿತ್ತು.

ಆದರೆ ವರ್ತಕನ ಹಡಗು ಇಂದೋ ನಾಳೆಯೋ ಬರುವುದಿತ್ತು. ಪಾಯಣ್ಣನಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ತನಗೇ ರೋಷ ಬಂತು. ಇಷ್ಟು ದಿನದ ತಪ್ಪನ್ನು ಒಂದೇ ಹಗಲಿನಲ್ಲಿ ತೊಳೆದುಬಿಡುತ್ತೇನೆಂದು ಕೈಗೆ ಸಿಕ್ಕಷ್ಟು ಹಲಗೆಗಳನ್ನು ಹೊತ್ತು ಅಂಗಳದ ಬಿಸಿಲಿಗೆ ತಂದ. ಸುತ್ತಲೂ ಕೆಂಡದ ಅಗ್ಗಿಷ್ಟಿಕೆ ಇಟ್ಟ. ಬೀಸಣಿಗೆ ಹಿಡಿದು ನಿಂತ.

"ಇಷ್ಟು ಕಾವು ಬೇಕೇ?" ಎಂದು ಅಕ್ಕಮ್ಮ ಕೇಳಿದಳು.

"ತಪ್ಪು ಸಣ್ಣದಾಗಿದ್ದರೆ ಸಣ್ಣ ಕಾವು ಸಾಕಿತ್ತು" ಎಂದ.

ಬೂಷ್ಟು ಒಣಗಿ ಉದುರಿತು. ಮಧ್ಯಾಹ್ನದ ಹೊತ್ತಿಗೆ ಚಿತ್ರಗಳು ಮೊದಲಿನಂತೆ ಹೊಳೆದವು. ಪಾಯಣ್ಣ ಉಸ್ಸೆಂದು ಕುಳಿತ. ಆಗ ಹಪ್ಪಳ ಮುರಿದಂಥ ಸದ್ದು ಕೇಳಿಸಿತು. ಒಂದು ಮಗ್ಗುಲು ಮಾತ್ರ ಒಣಗಿದ ಹಲಗೆ ಬಿಲ್ಲಿನಂತೆ ಬಾಗಿತ್ತು. ಇನ್ನೊಂದು ಸದ್ದು, ಮತ್ತೊಂದು ಸದ್ದು. ಅವನು ಓಡಿ ಹೋಗಿ ಎರಡೂ ಅಂಗೈ ಒಡ್ಡಿದ. ದೋಣಿಯ ಹೆಂಗಸಿನ ಮುಖ ಹಕ್ಕಳೆ ಹಕ್ಕಳೆಯಾಗಿ ಅವನ ಕೈಗೆ ಬಿತ್ತು.

ಹಡಗಿನಿಂದ ಇಳಿದ ವರ್ತಕ ಅಂಗಳದಲ್ಲಿ ಬಾಗಿದ ಹಲಗೆಗಳನ್ನು ಒಂದೊಂದಾಗಿ ನೋಡಿದ. ಅವನೂ ದೂರದಿಂದ ದಣಿದು ಬಂದಿದ್ದ. ಕೂಗಾಡಲಿಲ್ಲ.

"ತೇವ ಕೆಡಿಸಿತೇ?" ಎಂದು ಕೇಳಿದ.

"ಇಲ್ಲ ಸೆಟ್ಟರೇ. ತೇವ ಬಣ್ಣವನ್ನು ಮುಟ್ಟಿರಲಿಲ್ಲ. ನಾನು ಕೆಡಿಸಿದೆ."

ಹೊರಗೆ ತರಲು ಉಳಿದಿದ್ದ ಕೆಲವು ಚಿತ್ರಗಳು ಇನ್ನೂ ಒಳಗಿದ್ದವು. ಅವುಗಳ ಮೇಲೆ ಬೂಷ್ಟು ಹಾಗೇ ಇತ್ತು. ವರ್ತಕ ಅವುಗಳ ಕಡೆ ಕೈ ತೋರಿಸಿ, "ಅವನ್ನಾದರೂ ನೋಡಿಕೋ" ಎಂದಷ್ಟೇ ಹೇಳಿ ಹೊರಟುಹೋದ.

ಪಾಯಣ್ಣ ಕಿಟಕಿಯೊಂದನ್ನು ಬೆರಳು ತೂರುವಷ್ಟು ತೆರೆದ. ಮರುದಿನ ಅದಕ್ಕಿಂತ ತುಸು ಹೆಚ್ಚು ತೆರೆದ. ಹಲಗೆಗಳು ಆರಲು ಚಳಿಗಾಲವೆಲ್ಲ ಹಿಡಿಯಿತು. ಬೂಷ್ಟನ್ನು ಮೆತ್ತನೆಯ ಗರಿಯಿಂದ ಸರಿಸಿದ. ಅಲ್ಲಲ್ಲಿ ಕಲೆ ಉಳಿಯಿತು, ಬಣ್ಣವೂ ಉಳಿಯಿತು.

ಒಂದು ದಿನ ಅಕ್ಕಮ್ಮ ಬಂದು ಉಪ್ಪಿನ ತಟ್ಟೆಯ ಮುಂದೆ ಕುಳಿತಳು. "ಇದನ್ನು ನೋಡುವುದು ಹೇಗೆಂದು ನನಗೂ ಹೇಳಿಕೊಡಿ. ನೀವು ಮಗಳ ಮನೆಗೆ ಹೋದಾಗ ನಾನಿರುತ್ತೇನೆ, ನಾನು ಹೋದಾಗ ನೀವಿರಿ" ಎಂದಳು. ಇಷ್ಟು ವರ್ಷ ಅವನು ಯಾರನ್ನೂ ಕೇಳಿರಲಿಲ್ಲ. ಅಂದಿನಿಂದ ಕಿಟಕಿಗಳಿಗೆ ನಾಲ್ಕು ಕೈಗಳಾದವು. ಪಾಯಣ್ಣನ ದಣಿವು ಪೂರ್ತಿ ಹೋಗಲಿಲ್ಲ. ಹೊರಬಹುದಾದಷ್ಟಾಯಿತು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಗುರುಗಳೇ, ಕಾವಲೇ ಬೇಡವೆನ್ನುವ ದಿನ ಬರುವುದೇ ಇಲ್ಲವೇ?" ಎಂದು ಶಾಂತಯ್ಯ ಕೇಳಿದ.

"ಬಣ್ಣ ಉದುರಿದ ಹಲಗೆಗಳಿಗೆ ಅದು ಆ ಮಧ್ಯಾಹ್ನವೇ ಬಂತು" ಎಂದರು ಗುರುಗಳು.

ಶಾಂತಯ್ಯ ಎದ್ದು ನಮಸ್ಕರಿಸಿ, ಬೆಟ್ಟದ ದಾರಿ ಹಿಡಿಯದೆ ಮಠದ ತನ್ನ ಕೋಣೆಗೆ ಹಿಂದಿರುಗಿದ.